ಕೂಸಿನ ತಾಯಿ ಕಳವು ಮಾಡ್ತಾಳೇನ್ರೀ?

ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಕೊಲ್ಹಾಪುರದ ಕೆಂಪು ಬಸ್ಸು ಹತ್ತಿದ್ದೀರಿ. 1990ರ ದಶಕ ಆಗಷ್ಟೇ ಶುರುವಾಗಿದೆ. ಶುಕ್ರವಾರ, ಅಂಬಾಬಾಯಿಯ ವಾರ. ಪಕ್ಕದ ಸೀಟಿನಲ್ಲಿ ಚಿಕ್ಕೋಡಿ ಕಡೆಯ ಒಬ್ಬ ಆಯಿ. ತೊಡೆಯ ಮೇಲಿನ ಚೀಲದಲ್ಲಿ ದೇವಿಗೆ ಉಡಿ ತುಂಬಲು ಖಣ, ತೆಂಗಿನಕಾಯಿ, ಅಕ್ಕಿ, ಅರಿಷಿಣದ ಕೊಂಬು. ಹಿಂದೆ ಕೂತ ಇಬ್ಬರು ತಂಬಾಕಿನ ದರವನ್ನು ಮರಾಠಿಯಲ್ಲಿ ಎತ್ತಿ, ಕನ್ನಡದಲ್ಲಿ ಬೈದು ಮುಗಿಸುತ್ತಿದ್ದಾರೆ. ಕೊಗನೋಳಿ ಆಯಿತು, ದೂಧಗಂಗೆಯ ಸೇತುವೆ ಆಯಿತು, ಕಾಗಲ್ ಬಂತು. ರಾಜ್ಯ ಬದಲಾದದ್ದು ಅಂಗಡಿಗಳ ಬೋರ್ಡು ನೋಡಿದವರಿಗೆ ಮಾತ್ರ ತಿಳಿಯುತ್ತದೆ. ಒಟ್ಟು ನಲವತ್ತು ಕಿಲೋಮೀಟರಿನ ಹಾದಿ, ಅಷ್ಟೆ.

ಇಳಿಯುವಾಗ ಆಯಿ ನಿಮ್ಮ ಅಂಗಿಯ ಕಡೆ ಕೈ ಮಾಡುತ್ತಾಳೆ. “ಕಿಸೆ ಜ್ವಾಕಿ ತಮ್ಮಾ. ಗುಡಿಯೊಳಗ ಕಳ್ಳರು ಬಾಳ.”

ಈ ಸೀಮೆಯ ಜನಕ್ಕೆ ಇದು ಹೊಸ ಎಚ್ಚರಿಕೆಯಲ್ಲ. ಅಥಣಿ, ಕಾಗವಾಡದವರು ನರಸೋಬಾ ವಾಡಿಗೆ ಹೋಗುತ್ತಾರೆ. ಚೈತ್ರದಲ್ಲಿ ಜ್ಯೋತಿಬಾನ ಗುಡ್ಡ ಹತ್ತಿ ಗುಲಾಲಿನಲ್ಲಿ ಕೆಂಪಾಗಿ ಇಳಿಯುತ್ತಾರೆ. ಅತ್ತಲಿನವರು ಮಾಘದಲ್ಲಿ ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನಿಗೆ ಬಂಡಿ ಕಟ್ಟಿಕೊಂಡು ಬರುತ್ತಾರೆ. ಜಾತ್ರೆ ಅಂದರೆ ಗದ್ದಲ, ಗದ್ದಲ ಅಂದರೆ ಕಿಸೆಗಳ್ಳ. ಕಳ್ಳ ಹೇಗಿರುತ್ತಾನೆ ಎಂಬ ಚಿತ್ರವೂ ಎಲ್ಲರ ತಲೆಯಲ್ಲಿ ಒಂದೇ: ಗಂಡಸು, ಒಬ್ಬಂಟಿ, ಕಣ್ಣು ಅತ್ತಿತ್ತ. ಕಂಕುಳಲ್ಲಿ ಕೂಸಿರುವ ಹೆಂಗಸು ಆ ಚಿತ್ರದಲ್ಲಿಲ್ಲ.

ಮಹಾದ್ವಾರದಿಂದ ಒಳಗೆ ಹೋಗಿ, ಗರುಡ ಮಂಟಪದ ಸಾಲಿನಲ್ಲಿ ಬೆವತು, ದರ್ಶನ ಮಾಡಿ ಹೊರಬೀಳುತ್ತೀರಿ. ಊರೊಳಗಿನ ಗದ್ದಲದಲ್ಲಿ ಮುಂದೆಲ್ಲೋ ಕೂಗು ಏಳುತ್ತದೆ. ಒಬ್ಬ ಹುಡುಗಿಯ ಮುಂಗೈಯನ್ನು ಯಾರೋ ಗಟ್ಟಿಯಾಗಿ ಹಿಡಿದಿದ್ದಾರೆ. ಕಿಸೆಗೆ ಕೈ ಹಾಕಿದಳಂತೆ. ನಾಲ್ಕು ಏಟು ಬೀಳುವ ಹೊತ್ತು. ಮಂದಿ ಸುತ್ತುಗಟ್ಟುತ್ತಾರೆ, ನೀವೂ ಹಿಮ್ಮಡಿ ಎತ್ತಿ ನೋಡುತ್ತೀರಿ. ಅಷ್ಟರಲ್ಲಿ ಪಕ್ಕದಲ್ಲೇ ಇನ್ನೊಂದು ಸದ್ದು, ಎಳೆಯದು. ವಯಸ್ಸಾದ ಹೆಂಗಸೊಬ್ಬಳ ಕೈಯಲ್ಲಿದ್ದ ಮಗು ನೆಲಕ್ಕೆ ಬಿದ್ದಿದೆ. ತಲೆಯಿಂದ ರಕ್ತ. “ಅಯ್ಯೋ ಕೂಸು, ಕೂಸು!” ಎನ್ನುತ್ತ ಸುತ್ತುಗಟ್ಟಿದವರೆಲ್ಲ ಅತ್ತ ಬಾಗುತ್ತಾರೆ. ಹಿಡಿದ ಕೈ ಸಡಿಲುತ್ತದೆ. ಯಾರೋ ನೀರು ತರುತ್ತಾರೆ, ಇನ್ನಾರೋ “ಮೊದಲ ದವಾಖಾನಿಗೆ ಒಯ್ಯವಾ” ಅನ್ನುತ್ತಾರೆ. ಹುಡುಗಿ, ಹೆಂಗಸು, ಮಗು ಎಲ್ಲ ಕರಗಿ ಹೋಗುತ್ತಾರೆ. ನೀವು ಪಾಕೀಟು ಮುಟ್ಟಿ ನೋಡಿಕೊಳ್ಳುತ್ತೀರಿ. ಇದೆ.

ನಿಮ್ಮ ಬಸ್ಸು, ಆಯಿ, ಅವಳ ಖಣ ಇವು ನಾನು ಕಟ್ಟಿದ್ದು. ಕೊಲ್ಹಾಪುರದಲ್ಲಿ ಸೀಮಾ ಗಾವಿತ ಎಂಬ ಹುಡುಗಿ ಕಳವು ಮಾಡುವಾಗ ಸಿಕ್ಕಿಬಿದ್ದದ್ದು, ಅವಳ ತಾಯಿ ಅಂಜನಾಬಾಯಿ ಕೈಯಲ್ಲಿದ್ದ ಮಗುವನ್ನು ನೆಲಕ್ಕೆ ಹಾಕಿ ಜನರ ಗಮನ ತಿರುಗಿಸಿದ್ದು ನಾನು ಕಟ್ಟಿದ್ದಲ್ಲ. ಆ ಮಗು ಬಿದ್ದದ್ದಲ್ಲ, ಹಾಕಿದ್ದು. ಅದು ಅವಳದೂ ಅಲ್ಲ. ಭಿಕ್ಷೆ ಬೇಡಿ ಬದುಕುವ ಇನ್ನೊಬ್ಬ ತಾಯಿಯ ಮಗು. ಒಂದು, ಹೆಚ್ಚೆಂದರೆ ಒಂದೂವರೆ ವರ್ಷ.

ಸಂಜೆ. ಬಸ್ ಸ್ಟ್ಯಾಂಡು. ನಿಪ್ಪಾಣಿ, ಸಂಕೇಶ್ವರ, ಬೆಳಗಾವಿ ಕಡೆಯ ಬಸ್ಸುಗಳಿಗೆ ಜನ ಕಿಟಕಿಯಿಂದಲೇ ಟವೆಲ್ಲು ಎಸೆದು ಜಾಗ ಹಿಡಿಯುತ್ತಿದ್ದಾರೆ. ಎಲ್ಲೋ ಒಂದು ಕೂಸು ಒಂದೇ ಸಮ ಅಳುತ್ತಿದೆ. ಬಸ್ ಸ್ಟ್ಯಾಂಡಿನಲ್ಲಿ ಕೂಸು ಅತ್ತರೆ ಯಾರು ತಿರುಗಿ ನೋಡುತ್ತಾರೆ? ಹಸಿವಿರಬೇಕು, ಸೆಕೆ ಇರಬೇಕು, ಅಂದುಕೊಳ್ಳುತ್ತೀರಿ. ಅದು ಅದೇ ಮಗು. ಅಳುವ ಮಗು ಈಗ ಆ ತಾಯಿ-ಮಗಳಿಗೆ ಕೆಲಸಕ್ಕೆ ಬಾರದ್ದು. ಅಳು ಕೇಳಿ ಯಾರಾದರೂ ಹತ್ತಿರ ಬಂದಾರು, ಗಾಯ ನೋಡಿ ಕೇಳಿಯಾರು. ಅಂಜನಾಬಾಯಿ ಅದರ ತಲೆಯನ್ನು ಕಂಬಕ್ಕೆ ಬಡಿದು ಕೊಂದಳು. ಹೆಣವನ್ನು ಅಲ್ಲೇ ಬಿಟ್ಟು ನಡೆದರು. ನಿಮ್ಮ ಬಸ್ಸು ಕಾವಳಾ ನಾಕಾ ದಾಟುವಾಗ ಆಯಿ ಪ್ರಸಾದದ ಪೊಟ್ಟಣ ಬಿಚ್ಚಿ ನಿಮ್ಮ ಅಂಗೈಗೆ ಚೂರು ಸಕ್ಕರೆ ಹಾಕುತ್ತಾಳೆ.

ಈಗ ಪುಣೆಗೆ ಬನ್ನಿ. ಹಡಪ್ಸರದ ಗೋಂಧಳೆ ನಗರ, ಬಾಡಿಗೆ ಮನೆ. ಮನೆಯ ಯಜಮಾನಿ ಅಂಜನಾಬಾಯಿ. ಮೊದಲನೆಯ ಗಂಡ ಬಿಟ್ಟು ಹೋದ; ಅವನಿಂದ ಹುಟ್ಟಿದವಳು ರೇಣುಕಾ. ಎರಡನೆಯವನೂ ಬಿಟ್ಟು ಬೇರೊಬ್ಬಳನ್ನು ಮದುವೆಯಾದ. ಅವನಿಂದ ಹುಟ್ಟಿದವಳು ಸೀಮಾ. ತಾಯಿ ಕಿಸೆ ಕತ್ತರಿಸಿ ಇಬ್ಬರನ್ನೂ ಬೆಳೆಸಿದಳು, ಅದೇ ಕಸಬು ಕಲಿಸಿದಳು. ಜಾತ್ರೆ, ಬಸ್ಸು, ಮದುವೆ ಮಂಟಪ, ಎಲ್ಲಿ ಮಂದಿಯೋ ಅಲ್ಲಿ. ರೇಣುಕಾ ಕಿರಣ ಶಿಂದೆ ಎಂಬವನನ್ನು ಮದುವೆಯಾದಳು, ಅವನೂ ಗುಂಪಿಗೆ ಸೇರಿದ. ಇಷ್ಟರಲ್ಲಿ ಹೆದರುವಂಥದ್ದೇನೂ ಇಲ್ಲ. ಇಂಥ ಮನೆಗಳು ಯಾವ ಪೊಲೀಸ್ ಠಾಣೆಯ ಪಟ್ಟಿಯಲ್ಲಾದರೂ ಹತ್ತು ಸಿಗುತ್ತವೆ.

ಕೊಲ್ಹಾಪುರದ ಆ ದಿನಕ್ಕೂ ಮೊದಲು, ಒಮ್ಮೆ ಪುಣೆಯ ದೇವಸ್ಥಾನದ ಗದ್ದಲದಲ್ಲಿ ರೇಣುಕಾ ಕಳವು ಮಾಡುತ್ತ ಸಿಕ್ಕಿಬಿದ್ದಳು. ಅವಳ ಸ್ವಂತ ಮಗ ಜೊತೆಗಿದ್ದ. ಅವಳು ಅತ್ತು ಕರೆದು ಕೂಸನ್ನು ಮುಂದೆ ಮಾಡಿದಳು. ಎಳೆ ಕೂಸು ಎತ್ತಿಕೊಂಡು ಯಾವ ತಾಯಿಯಾದರೂ ಕಳವಿಗೆ ಬರುತ್ತಾಳೇನು? ಜನ ಒಪ್ಪಿದರು, ಬಿಟ್ಟರು. ಅವಳು ಮನೆಗೆ ಬಂದು ಹೇಳಿದಳು.

ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಈ ಗಳಿಗೆ. ರಕ್ತ ಇಲ್ಲಿಲ್ಲ. ಗುಂಪೊಂದು ಕರುಣೆ ತೋರಿತು, ಅಷ್ಟೆ. ಆ ಕರುಣೆಯ ಬೆಲೆಯನ್ನು ಮನೆಯಲ್ಲಿ ಮೂವರು ಕೂತು ಲೆಕ್ಕ ಹಾಕಿದರು. ಕೂಸಿದ್ದರೆ ಸಂಶಯವಿಲ್ಲ, ಸಿಕ್ಕರೂ ಏಟಿಲ್ಲ, ಬಸ್ಸಿನಲ್ಲಿ ಸೀಟು ಕೂಡ ಸಿಗುತ್ತದೆ. ಆದರೆ ಸ್ವಂತ ಕೂಸನ್ನು ಎಷ್ಟು ದಿನ ಹೊತ್ತು ತಿರುಗುವುದು, ಪೆಟ್ಟಾದರೆ? ಬೇರೆಯವರದಾದರೆ ಆ ಚಿಂತೆ ಇಲ್ಲ.

ಬೇರೆಯವರು ಅಂದರೆ ಯಾರು? ಇಲ್ಲಿ ಅವರ ಆಯ್ಕೆ ನೋಡಬೇಕು. ಬಂಗಲೆಯ ಗೇಟಿನೊಳಗಿನ ಮಗುವಲ್ಲ. ಭಿಕ್ಷುಕಿಯ ಮಗು, ಗುಡಿಯ ಮೆಟ್ಟಿಲ ಮೇಲೆ ಆಡುವ ಮಗು, ದುಡಿಯಲು ಊರೂರು ತಿರುಗುವವರ ಮಗು, ರೈಲು ಸ್ಟೇಷನ್ನಿನಲ್ಲಿ ತಾಯಿ ನೀರು ಹಿಡಿಯಲು ಹೋದಾಗ ಗಂಟಿನ ಪಕ್ಕ ಕೂತ ಮಗು. ಆ ತಾಯಂದಿರು ಠಾಣೆಯ ಬಾಗಿಲಿಗೆ ಹೋಗಿರಬಹುದು. ಒಳಗೆ ಕೂತವನ ಮೊದಲ ಪ್ರಶ್ನೆ ಊರು ಯಾವುದು, ವಿಳಾಸ ಏನು ಎಂಬುದೇ. ವಿಳಾಸವೇ ಇಲ್ಲದವಳ ಮಗು ಎಲ್ಲಿಂದ ಕಳೆಯಿತು ಎಂದು ಯಾವ ಠಾಣೆ ಬರೆದುಕೊಳ್ಳುತ್ತದೆ?

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲೂ ಇದೇ ಲೆಕ್ಕ ಹಾಕಿದ ಇಬ್ಬರು ಹೆಂಗಸರಿದ್ದರು. ಫಿಂಚ್ಲಿಯಲ್ಲಿ ಅಮೀಲಿಯಾ ಸ್ಯಾಕ್ ಬಾಣಂತನದ ಮನೆ ನಡೆಸುತ್ತಿದ್ದಳು. ಮದುವೆಯಾಗದೆ ಬಸಿರಾದವರು ಅಲ್ಲಿಗೆ ಬಂದು ಹೆರುತ್ತಿದ್ದರು; ಕೂಸಿಗೆ ಒಳ್ಳೆಯ ಮನೆ ನೋಡುತ್ತೇವೆಂದು ಹಣ ಪಡೆದು, ಕೂಸನ್ನು ಆನಿ ವಾಲ್ಟರ್ಸ್ ಕೈಗೆ ಕೊಡಲಾಗುತ್ತಿತ್ತು. ಅವಳು ವಿಷ ಹಾಕುತ್ತಿದ್ದಳು. 1903ರ ಫೆಬ್ರವರಿ 3ರಂದು ಹಾಲೊವೇ ಜೈಲಿನಲ್ಲಿ ಇಬ್ಬರನ್ನೂ ಜೊತೆಯಾಗಿ ಗಲ್ಲಿಗೇರಿಸಿದರು. ಅಲ್ಲಿ ನಾಚಿಕೆ ತಾಯಂದಿರ ಬಾಯಿ ಕಟ್ಟಿತ್ತು, ಇಲ್ಲಿ ಬಡತನ. ಎರಡೂ ಕಡೆ ಕೊಲೆಗಾರರು ಹುಡುಕಿದ್ದು ಕೇಳುವವರಿಲ್ಲದ ಕೂಸನ್ನು. ಅಲ್ಲಿ 1908ರ ಮಕ್ಕಳ ಕಾಯ್ದೆ ಹಣ ಪಡೆದು ಕೂಸು ಸಾಕುವವರ ಮೇಲಿನ ನಿಗಾ ಬಿಗಿ ಮಾಡಿತು. ಇಲ್ಲಿ ನಿಗಾ ಇಡಲು ಮನೆಯೊಂದಾದರೂ ಬೇಕಲ್ಲ. ಇವರ ಅಂಗಡಿ ಜಾತ್ರೆಯಲ್ಲಿ, ಬಸ್ಸಿನಲ್ಲಿ, ಪ್ಲಾಟ್‌ಫಾರ್ಮಿನ ಮೇಲೆ.

1990ರಿಂದ 1996. ಪುಣೆ, ಠಾಣೆ, ಕಲ್ಯಾಣ, ನಾಶಿಕ, ಕೊಲ್ಹಾಪುರ. ಮಕ್ಕಳನ್ನು ಎತ್ತುತ್ತಾರೆ, ಹೆಸರು ಹಾಕುತ್ತಾರೆ, ಕೆಲವು ದಿನ ಅಥವಾ ಕೆಲವು ತಿಂಗಳು ಎತ್ತಿಕೊಂಡು ತಿರುಗುತ್ತಾರೆ. ಮಗು ಬೆಳೆದು ಮಾತು ಕಲಿತರೆ, ಕಾಯಿಲೆ ಬಿದ್ದರೆ, ಅಳು ನಿಲ್ಲಿಸದಿದ್ದರೆ ಅದರ ಕೆಲಸ ಮುಗಿಯಿತು. ಒಂದೊಂದು ಮಗು ಹೇಗೆ ಸತ್ತಿತೆಂದು ತೀರ್ಪಿನಲ್ಲಿದೆ, ಇಲ್ಲಿ ಬರೆಯುವುದಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ನಲವತ್ತು ಮಕ್ಕಳನ್ನು ಕೊಂದರೆಂದು ಹೇಳುವ, ಹಿನ್ನೆಲೆಗೆ ನಗಾರಿ ಬಾರಿಸುವ ವಿಡಿಯೋಗಳು ಸಾಲಾಗಿ ಬರುತ್ತವೆ. ಆರೋಪಪಟ್ಟಿಯಲ್ಲಿದ್ದದ್ದು 13 ಮಕ್ಕಳ ಅಪಹರಣ, ಅದರಲ್ಲಿ 9 ಕೊಲೆ. ಒಂಬತ್ತು ಸಾಲದೆಂಬಂತೆ ಇನ್ನಷ್ಟು ಸೇರಿಸುವ ಈ ಆಸೆ ನನಗೆ ಅರ್ಥವಾಗುವುದಿಲ್ಲ.

ಸಿಕ್ಕಿಬಿದ್ದದ್ದು ಹೇಗೆ? ಕಳ್ಳತನದಿಂದಲ್ಲ, ಹಗೆಯಿಂದ. ತನ್ನನ್ನು ಬಿಟ್ಟುಹೋದ ಎರಡನೆಯ ಗಂಡನ ಮೇಲೆ, ಅವನ ಹೊಸ ಸಂಸಾರದ ಮೇಲೆ ಅಂಜನಾಬಾಯಿಗೆ ಸಿಟ್ಟು ಆರಿರಲಿಲ್ಲ. ಆ ಸಂಸಾರದಲ್ಲಿ ಇಬ್ಬರು ಹೆಣ್ಣುಮಕ್ಕಳು. 1995ರಲ್ಲಿ ದೊಡ್ಡವಳು, ಒಂಬತ್ತು ವರ್ಷದ ಹುಡುಗಿ, ಕಾಣೆಯಾದಳು. ಅವಳಿಗೆ ಸೀಮಾ ಮಲ ಅಕ್ಕ. ಅಕ್ಕ ಕರೆದರೆ ತಂಗಿ ಹೋಗುತ್ತಾಳೆ.

ಇಲ್ಲಿ ಅವರ ಲೆಕ್ಕ ತಪ್ಪಿತು. ಈ ಮಗುವಿಗೆ ಮನೆ ಇತ್ತು, ಶಾಲೆ ಇತ್ತು, ಹಾಜರಿ ಪುಸ್ತಕದಲ್ಲಿ ಹೆಸರಿತ್ತು. ಸಂಶಯ ಯಾರ ಮೇಲೆಂದು ಹೇಳಬಲ್ಲ ತಾಯಿ ಇದ್ದಳು. ಅವಳು ನಾಶಿಕದ ಪೊಲೀಸರಿಗೆ ದೂರು ಕೊಟ್ಟಳು, ಸುಮ್ಮನಾಗಲಿಲ್ಲ. ಮರುವರ್ಷ ಚಿಕ್ಕವಳ ಮೇಲೂ ಕಣ್ಣು ಹಾಕಿ ಅದೇ ಊರಿಗೆ ಬಂದಾಗ, 1996ರ ನವೆಂಬರಿನಲ್ಲಿ, ಗುಂಪು ಪೊಲೀಸರ ಕೈಗೆ ಸಿಕ್ಕಿತು.

ತನಿಖೆಯವರ ಹಿಂದೆ ನಿಂತು ನೀವೂ ಗೋಂಧಳೆ ನಗರದ ಮನೆಯೊಳಗೆ ಇಣುಕಿ. ಪೊಲೀಸರು ಬಂದದ್ದು ಒಂದು ಹುಡುಗಿಯ ಸುಳಿವಿಗೆ. ಸಿಕ್ಕಿದ್ದು ಎಳೆ ಮಕ್ಕಳ ಬಟ್ಟೆ. ಬೇರೆ ಬೇರೆ ಅಳತೆಯ ಬಟ್ಟೆ, ಆ ಮನೆಯ ಮಕ್ಕಳಿಗೆ ಹೊಂದದಷ್ಟು. ಅಲ್ಲಿಂದ ಪ್ರಶ್ನೆ ಬದಲಾಯಿತು. ಆ ಹುಡುಗಿ ಎಲ್ಲಿ ಎಂದು ಕೇಳುತ್ತಿದ್ದವರು ಈ ಬಟ್ಟೆಗಳು ಯಾರವು ಎಂದು ಕೇಳತೊಡಗಿದರು. ತನಿಖೆ ರಾಜ್ಯದ ಸಿಐಡಿಗೆ ಹೋಯಿತು. ಕಿರಣ ಶಿಂದೆ ಬಾಯಿ ಬಿಟ್ಟ, ಮಾಫಿ ಸಾಕ್ಷಿಯಾದ.

ಒಂದೊಂದೇ ಊರಿಗೆ ಹೋಗಿ ಹಳೆಯ ಕಡತ ತೆಗೆಸಬೇಕು. ಯಾವ ವರ್ಷ, ಯಾವ ಠಾಣೆ, ಗುರುತು ಸಿಗದ ಯಾವ ಎಳೆ ಹೆಣ, ಯಾರು ಪಂಚನಾಮೆ ಬರೆದರು, ಎಲ್ಲಿ ಹೂಳಿದರು. ಅತ್ತ ಯಾವ ತಾಯಿ ಯಾವ ದಿನ ಮಗು ಕಳೆದುಕೊಂಡಳು. ಇವೆರಡನ್ನೂ ಜೋಡಿಸಿದರೆ ಮಾತ್ರ ಮೊಕದ್ದಮೆ ನಿಲ್ಲುತ್ತದೆ, ಯಾಕೆಂದರೆ ಪಾಲುದಾರನ ಮಾತೊಂದನ್ನೇ ನಂಬಿ ಶಿಕ್ಷೆ ಕೊಡಲು ನ್ಯಾಯಾಲಯಗಳು ಹಿಂಜರಿಯುತ್ತವೆ. ಬೇರೆ ಸಾಕ್ಷಿಯ ಆಸರೆ ಬೇಕು. ಐದಾರು ವರ್ಷದ ಹಿಂದಿನ ಅನಾಥ ಹೆಣಕ್ಕೆ ಆಸರೆ ಎಲ್ಲಿಂದ ತರುವುದು? ಒಂಬತ್ತು ಕೊಲೆಯ ಆರೋಪ ಕೊನೆಗೆ ಎಷ್ಟಕ್ಕೆ ಇಳಿಯಿತೆಂದು ಮುಂದೆ ನೋಡುತ್ತೀರಿ. ಹುಡುಕಲು ಯಾರೂ ಇಲ್ಲದ ಮಕ್ಕಳನ್ನೇ ಆರಿಸಿದ್ದರಿಂದ ಆರು ವರ್ಷ ತಪ್ಪಿಸಿಕೊಂಡರು. ಸಿಕ್ಕಮೇಲೂ ಅದೇ ಆಯ್ಕೆ ಅವರ ಪರವಾಗಿ ಸಾಕ್ಷಿ ನುಡಿಯಿತು.

ಅಂಜನಾಬಾಯಿ ತೀರ್ಪಿನ ತನಕ ಉಳಿಯಲಿಲ್ಲ. 1997ರ ಡಿಸೆಂಬರಿನಲ್ಲಿ ಜೈಲುವಾಸದಲ್ಲೇ ಕಾಯಿಲೆಯಿಂದ ಸತ್ತಳು. ಮಕ್ಕಳಿಗೆ ಕಸಬು ಕಲಿಸಿದವಳು, ಮೊದಲ ಮಗುವನ್ನು ಕಂಬಕ್ಕೆ ಬಡಿದವಳು, ನ್ಯಾಯಾಲಯದ ಯಾವ ವಾಕ್ಯವನ್ನೂ ಕೇಳದೆ ಹೋದಳು.

2001ರ ಜೂನ್ ಕೊನೆ, ಕೊಲ್ಹಾಪುರದ ಸೆಷನ್ಸ್ ನ್ಯಾಯಾಲಯ. ಹೊರಗೆ ಮಳೆ ಹಿಡಿದಿದೆ. ಘಟ್ಟದ ಕಡೆಯ ಈ ಮಳೆ ನಿಪ್ಪಾಣಿಯವರಿಗೂ ಗೊತ್ತು, ಕೊಡೆಗೆ ಬಗ್ಗುವುದಲ್ಲ. ಒದ್ದೆ ಚಪ್ಪಲಿಗಳ ನಡುವೆ ನೀವೂ ಹಿಂಬದಿಯಲ್ಲಿ ಜಾಗ ಮಾಡಿಕೊಂಡು ನಿಂತಿದ್ದೀರಿ. ವಿಶೇಷ ಸರ್ಕಾರಿ ವಕೀಲ ಉಜ್ವಲ ನಿಕಮ್. ಇಷ್ಟು ದಿನ ಇಲ್ಲಿ 150ಕ್ಕೂ ಹೆಚ್ಚು ಜನ ಸಾಕ್ಷಿ ಹೇಳಿ ಹೋಗಿದ್ದಾರೆ. ಪೊಲೀಸರು, ಡಾಕ್ಟರುಗಳು, ಮಗು ಕಳಕೊಂಡ ತಂದೆತಾಯಿಗಳು. ಕಟಕಟೆಯಲ್ಲಿ ಅಕ್ಕತಂಗಿಯರಿಬ್ಬರು. ಕಳವು ಶುರು ಮಾಡಿದಾಗ ಇನ್ನೂ ಹದಿಹರೆಯ, ಈಗ ಮೂವತ್ತರ ಸಮೀಪ. ಈ ಇಬ್ಬರನ್ನು ದಾರಿಯಲ್ಲಿ ಕಂಡಿದ್ದರೆ ನೀವು ಬಸ್ಸಿನಲ್ಲಿ ಎದ್ದು ಸೀಟು ಬಿಟ್ಟುಕೊಡುತ್ತಿದ್ದಿರಿ. ಅಥವಾ ಆಗಲೇ ಒಮ್ಮೆ ಬಿಟ್ಟುಕೊಟ್ಟಿರಲೂಬಹುದು.

13 ಅಪಹರಣ, 6 ಕೊಲೆ ಸಾಬೀತು. ಶಿಕ್ಷೆ ಗಲ್ಲು.

ಅಲ್ಲಿಂದ ಮುಂದಿನದು ಕಡತದ ಪಯಣ. 2004ರಲ್ಲಿ ಬಾಂಬೆ ಹೈಕೋರ್ಟು ಗಲ್ಲನ್ನು ಕಾಯಂ ಮಾಡಿತು. 2006ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟು 5 ಕೊಲೆಗಳಿಗೆ ಶಿಕ್ಷೆ ಎತ್ತಿಹಿಡಿಯಿತು. ಹೆಂಗಸರು ಎಂಬುದೊಂದನ್ನು ಬಿಟ್ಟರೆ ಶಿಕ್ಷೆ ತಗ್ಗಿಸಲು ಕಾರಣ ಕಾಣುವುದಿಲ್ಲ ಎಂದಿತು ಪೀಠ. ಆ ಒಂದು ಕಾರಣ ಸಾಲದಾಯಿತು. ಗುಡಿಯ ಮುಂದಿನ ಗುಂಪು ನೋಡಿದ್ದೂ ಇದನ್ನೇ, ಹೆಂಗಸು ಎಂಬುದನ್ನು. ಅಲ್ಲಿ ಅದೊಂದೇ ಸಾಕಾಗಿತ್ತು.

ಇಬ್ಬರೂ ಪುಣೆಯ ಯೆರವಡಾ ಜೈಲಿನಲ್ಲಿ. ದಯಾ ಅರ್ಜಿ ಮೊದಲು ರಾಜ್ಯಪಾಲರಿಗೆ, ಆಮೇಲೆ ರಾಷ್ಟ್ರಪತಿಗೆ. ಒಂದು ಖಾತೆಯಿಂದ ಇನ್ನೊಂದಕ್ಕೆ, ಮುಂಬೈಯಿಂದ ದಿಲ್ಲಿಗೆ ಕಾಗದ ಸಾಗುತ್ತದೆ, ನಿಲ್ಲುತ್ತದೆ, ಮತ್ತೆ ಸಾಗುತ್ತದೆ. ಈ ನಡುವೆ, 2014ರ ಜನವರಿಯಲ್ಲಿ, ಶತ್ರುಘ್ನ ಚೌಹಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಮಾತನ್ನು ಗಟ್ಟಿ ಮಾಡಿತು: ದಯಾ ಅರ್ಜಿಯನ್ನು ಸರ್ಕಾರ ಕಾರಣವಿಲ್ಲದೆ ವರ್ಷಗಟ್ಟಲೆ ಇಟ್ಟುಕೊಂಡರೆ ಗಲ್ಲನ್ನು ಜೀವಾವಧಿಗೆ ಇಳಿಸಬಹುದು. ಕೈದಿ ಪ್ರತಿ ಬೆಳಗೂ ಇವತ್ತೇನೋ ಎಂದು ಏಳುವುದೇ ಒಂದು ಶಿಕ್ಷೆ ಎಂಬುದು ಆ ವಾದದ ತಿರುಳು. ಅದೇ ವರ್ಷ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅಕ್ಕತಂಗಿಯರ ಅರ್ಜಿಯನ್ನು ತಿರಸ್ಕರಿಸಿದರು. ಅವರು ಹೈಕೋರ್ಟಿಗೆ ಹೋದರು.

ಆ ಮನವಿ ಇತ್ಯರ್ಥವಾಗಲು 2022 ಬರಬೇಕಾಯಿತು. ಜನವರಿ 18ರಂದು ನ್ಯಾಯಮೂರ್ತಿಗಳಾದ ನಿತಿನ್ ಜಾಮದಾರ್ ಮತ್ತು ಸಾರಂಗ ಕೋತವಾಲ್ ತೀರ್ಪು ಕೊಟ್ಟರು. ದಯಾ ಅರ್ಜಿ ಇತ್ಯರ್ಥವಾಗಲು ಹಿಡಿದದ್ದು 7 ವರ್ಷ, 10 ತಿಂಗಳು, 15 ದಿನ. ಕಾಗದ ಕ್ಷಣದಲ್ಲಿ ತಲುಪುವ ಕಾಲದಲ್ಲಿ ಇಷ್ಟು ತಡ ಯಾಕೆಂಬುದಕ್ಕೆ ಸರ್ಕಾರದ ಬಳಿ ಒಪ್ಪುವಂಥ ಉತ್ತರವಿರಲಿಲ್ಲ. ಅಪರಾಧ ಎಷ್ಟು ಹೇಯವೆಂದು ಪೀಠಕ್ಕೆ ಸಂಶಯವಿರಲಿಲ್ಲ, ಹಾಗೆಂದು ಹೇಳಿಯೂ ಹೇಳಿತು. ಆದರೂ ಗಲ್ಲು ರದ್ದಾಯಿತು, ಜೀವಾವಧಿ ಉಳಿಯಿತು. ತಪ್ಪು ಯಾರದು ಎಂದು ಚಿಕ್ಕೋಡಿಯ ಚಹಾದಂಗಡಿಯಲ್ಲಿ ಕೇಳಿದರೆ ಎಲ್ಲರೂ ಕೋರ್ಟಿನ ಕಡೆ ಬೆರಳು ಮಾಡುತ್ತಾರೆ. ಕೋರ್ಟು ಬೆರಳು ಮಾಡಿದ್ದು ಕಡತವನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತವರ ಕಡೆ. ನನಗೆ ಅದೇ ಸರಿ ಅನ್ನಿಸುತ್ತದೆ.

ಇಪ್ಪತ್ತೈದು ವರ್ಷ ಒಳಗೇ ಕಳೆದಿದ್ದೇವೆ, ಬಿಟ್ಟುಬಿಡಿ ಎಂದೂ ಅವರು ಕೇಳಿದ್ದರು. ಪೀಠ ಅದನ್ನು ಒಪ್ಪಲಿಲ್ಲ. ಶಿಕ್ಷೆ ಕಡಿತದ ಪ್ರಶ್ನೆ ಸರ್ಕಾರಕ್ಕೆ ಬಿಟ್ಟದ್ದು ಎಂದಿತು. ಅಂದರೆ ಕಡತ ಮತ್ತೆ ಅದೇ ಮೇಜುಗಳಿಗೆ.